ಖಾಸಗಿ ಶಾಲೆಯ ಕಟ್ಟಡಕ್ಕೆ ದೇಣಿಗೆ ಕೊಡುವುದು ಹೇಗೆ? ದುರಸ್ತಿಯಿಂದ ಹೊಸ ಕೊಠಡಿಯವರೆಗೆ ದಾನಿಗೊಂದು ಸಮಗ್ರ ಮಾರ್ಗದರ್ಶಿ

ಶಾಲೆಯ ಕಟ್ಟಡಕ್ಕೆ ದುಡ್ಡು ಕೊಡಬೇಕೆಂದು ಮನಸ್ಸು ಮಾಡಿದವರ ಕಣ್ಮುಂದೆ ಮೊದಲು ಬರುವುದು ಹೊಸ ಕೊಠಡಿ, ಸಭಾಂಗಣ, ಹೆಸರು ಕೆತ್ತಿದ ಕಲ್ಲು. ಶಾಲೆಯವರು ತೋರಿಸುವ ನಕ್ಷೆಯಲ್ಲೂ ಸಾಮಾನ್ಯವಾಗಿ ಇವೇ ಇರುತ್ತವೆ, ಏಕೆಂದರೆ ಇವಕ್ಕೆ ದಾನಿಗಳು ಬೇಗ ಸಿಗುತ್ತಾರೆಂದು ಅವರಿಗೂ ಗೊತ್ತು. ಅದೇ ಹೊತ್ತಿಗೆ ಹಳೆಯ ತಾರಸಿ ಸೋರುತ್ತಿರುತ್ತದೆ, ವೈರುಗಳ ಹೊದಿಕೆ ಒಣಗಿ ಬಿರಿದಿರುತ್ತದೆ, ನಾಲ್ಕೇ ಶೌಚಾಲಯಗಳ ಮುಂದೆ ಇನ್ನೂರು ಹುಡುಗಿಯರು ಸಾಲುಗಟ್ಟಿರುತ್ತಾರೆ. ತಾನು ಕೊಟ್ಟ ಹಣ ಮಕ್ಕಳ ತಲೆಯ ಮೇಲಿನ ಸೂರಿಗೇ ತಲುಪಬೇಕು, ಹತ್ತು ವರ್ಷವಾದರೂ ಅಲ್ಲೇ ಉಳಿಯಬೇಕು ಎನ್ನುವ ದಾನಿಗಾಗಿ ಈ ಬರಹ. ದೇಣಿಗೆ ಒಂದು ಬಾಗಿಲಿನಷ್ಟೇ ಆದರೆ ಕಾಗದಪತ್ರ ಚಿಕ್ಕದಾಗುತ್ತದೆ, ಕೇಳಬೇಕಾದ ಪ್ರಶ್ನೆಗಳು ಮಾತ್ರ ಕಡಿಮೆಯಾಗುವುದಿಲ್ಲ.

ಹಂತ 1: ಕಟ್ಟಡ ಯಾರ ಹೆಸರಿನಲ್ಲಿದೆ ಎಂದು ತಿಳಿಯಿರಿ

ಖಾಸಗಿ ಶಾಲೆ ಎಂದ ಕೂಡಲೇ ಕಟ್ಟಡವೂ ಶಾಲೆಯದೇ ಎಂದುಕೊಳ್ಳಬೇಡಿ. ಶಾಲೆ ನಡೆಸುವುದು ಒಂದು ಟ್ರಸ್ಟ್ ಅಥವಾ ಸಂಘ, ಜಾಗ ಮಾತ್ರ ಸಂಸ್ಥಾಪಕರ ಕುಟುಂಬದ ಹೆಸರಿನಲ್ಲಿ, ನಡುವೆ ಒಂದು ಬಾಡಿಗೆ ಕರಾರು: ಇಂಥ ಏರ್ಪಾಡು ಎಲ್ಲ ಕಡೆಯೂ ಇದೆ. ಅದು ತಪ್ಪೇನಲ್ಲ. ಆದರೆ ಅಲ್ಲಿ ನೀವು ಹಾಕಿಸಿದ ತಾರಸಿ ಸಾಮಾನ್ಯವಾಗಿ ಜಾಗದ ಮಾಲೀಕರ ಆಸ್ತಿಗೆ ಸೇರುತ್ತದೆ. ನಾಳೆ ಶಾಲೆ ಬೇರೆಡೆಗೆ ಹೋದರೆ ತಾರಸಿ ಜೊತೆಗೆ ಹೋಗುವುದಿಲ್ಲ.

ಹಾಗಾಗಿ ಮೂರು ಕಾಗದ ಕೇಳಿ: ಶಾಲೆ ನಡೆಸುವ ಸಂಸ್ಥೆಯ ನೋಂದಣಿ ಪತ್ರ, ಜಾಗದ ಹಕ್ಕುಪತ್ರ ಅಥವಾ ಬಾಡಿಗೆ ಕರಾರು, ಹಿಂದಿನ ಮೂರು ವರ್ಷಗಳ ಲೆಕ್ಕಪರಿಶೋಧನಾ ವರದಿ. ಬಾಡಿಗೆ ಜಾಗವಾದರೆ ಇನ್ನೆಷ್ಟು ವರ್ಷ ಬಾಕಿ ಇದೆ ನೋಡಿ. ಕರಾರಿಗೆ ಐದು ವರ್ಷ ಉಳಿದಿದ್ದು, ನೀವು ಕಟ್ಟಿಸುವುದು ಐವತ್ತು ವರ್ಷ ಬಾಳುವ ಕೊಠಡಿಯಾದರೆ ಲೆಕ್ಕ ಕೂಡುವುದಿಲ್ಲ. ಮೊದಲು ಕರಾರನ್ನು ನವೀಕರಿಸಲಿ, ಇಲ್ಲವಾದರೆ ದೇಣಿಗೆಯನ್ನು ಎತ್ತಿಕೊಂಡು ಹೋಗಬಹುದಾದ ವಸ್ತುಗಳಿಗೆ, ಅಂದರೆ ಬೆಂಚು, ನೀರಿನ ಶುದ್ಧೀಕರಣ ಯಂತ್ರ, ಸೌರ ಫಲಕಗಳಿಗೆ ತಿರುಗಿಸಿ. ಸಂಸ್ಥೆ ಲಾಭಕ್ಕಾಗಿ ನಡೆಯುವ ಕಂಪನಿಯಾಗಿದ್ದರೆ ಇನ್ನೂ ಒಂದು ಮಾತಿದೆ: ಬಹುತೇಕ ದೇಶಗಳಲ್ಲಿ ಅಂಥ ಸಂಸ್ಥೆಗೆ ಕೊಟ್ಟದ್ದಕ್ಕೆ ದೇಣಿಗೆಯ ತೆರಿಗೆ ವಿನಾಯಿತಿ ಸಿಗುವುದಿಲ್ಲ, ಲಾಭವೂ ಪಾಲುದಾರರಿಗೆ ಹೋಗುತ್ತದೆ.

ಲೆಕ್ಕಪರಿಶೋಧನಾ ವರದಿಯಲ್ಲಿ ಹುಡುಕಬೇಕಾದ್ದು ಒಂದೇ ಒಂದು ಸಾಲು. ಈ ಹಿಂದೆ ಕಟ್ಟಡಕ್ಕೆಂದು ಬಂದ ಹಣವನ್ನು ಪ್ರತ್ಯೇಕ ನಿಧಿಯಾಗಿ ತೋರಿಸಿದ್ದಾರೆಯೇ? ಸಾಮಾನ್ಯ ಆದಾಯದಲ್ಲಿ ಬೆರೆಸಿದ್ದರೆ ನಿಮ್ಮ ಹಣವೂ ಸಂಬಳ, ಸಾಲದ ಕಂತುಗಳ ಜೊತೆ ಒಂದಾಗುತ್ತದೆ. ಯಾರೂ ಕದಿಯಬೇಕಾಗಿಲ್ಲ. ಒಂದು ತಿಂಗಳು ಸಂಬಳಕ್ಕೆ ಕೊರತೆ ಬಿತ್ತು, ಕಟ್ಟಡದ ಹಣ ಎತ್ತಿಕೊಂಡರು, ಮತ್ತೆ ತುಂಬಲಿಲ್ಲ. ಅರ್ಧಕ್ಕೆ ನಿಂತ ಎಷ್ಟೋ ಕಾಮಗಾರಿಗಳ ಹಿಂದಿನ ಕಥೆ ಇಷ್ಟೇ.

ಹಂತ 2: ನಕ್ಷೆ ನೋಡುವ ಮೊದಲು ಕಟ್ಟಡ ಸುತ್ತಿ ಬನ್ನಿ

ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಕೂತು ತೀರ್ಮಾನ ಮಾಡಬೇಡಿ. ಒಬ್ಬ ಸಿವಿಲ್ ಇಂಜಿನಿಯರನ್ನು ಕರೆದುಕೊಂಡು, ಶಾಲೆ ನಡೆಯುತ್ತಿರುವಾಗಲೇ ಅರ್ಧ ದಿನ ಸುತ್ತಾಡಿ. ಇಂಜಿನಿಯರ್ ಗುತ್ತಿಗೆದಾರನ ಕಡೆಯವರಾಗಿರಬಾರದು. ಅವರ ಶುಲ್ಕ ನಿಮ್ಮ ದೇಣಿಗೆಯ ಮೊದಲ ಖರ್ಚು, ಅದನ್ನು ಉಳಿಸಲು ಹೋಗಬೇಡಿ. ಪಹರೆಯವರನ್ನು, ಗುಡಿಸುವವರನ್ನು ಮಾತನಾಡಿಸಿ. ಎಲ್ಲಿ ಸೋರುತ್ತದೆ, ಯಾವ ಸ್ವಿಚ್ಚು ಮುಟ್ಟಿದರೆ ಚುರುಕ್ಕೆನ್ನುತ್ತದೆ ಎನ್ನುವುದು ಆಡಳಿತ ಮಂಡಳಿಗಿಂತ ಚೆನ್ನಾಗಿ ಗೊತ್ತಿರುವುದು ಅವರಿಗೆ.

ತಾರಸಿಯಿಂದ ಶುರುಮಾಡಿ. ಮೇಲೆ ಹತ್ತಿ ನೀರು ಹರಿದುಹೋಗುವ ಕೊಳವೆಯ ಬಾಯಿ ನೋಡಿ. ಎಲೆ ಕಟ್ಟಿಕೊಂಡಿದ್ದರೆ ಸೋರಿಕೆಯ ಅರ್ಧ ಕಾರಣ ಅಲ್ಲೇ ಸಿಕ್ಕಿತು. ತಾರಸಿಗೆ 100ಕ್ಕೆ 1ರಷ್ಟಾದರೂ ಇಳಿಜಾರು ಬೇಕು, ಅಂದರೆ 10 ಮೀಟರ್ ಉದ್ದಕ್ಕೆ 10 ಸೆಂಮೀ. ಸೋರಿಕೆ ತಾರಸಿಯ ನಡುವಿನಿಂದಲೇ ಬರಬೇಕೆಂದಿಲ್ಲ. ಗೋಡೆ ಮತ್ತು ತಾರಸಿ ಸೇರುವ ಮೂಲೆ, ಕೊಳವೆ ತೂರಿದ ಜಾಗ, ನೀರಿನ ಟ್ಯಾಂಕಿನ ಬುಡ, ಈ ಮೂರೂ ದೊಡ್ಡ ಅಪರಾಧಿಗಳು. ಒಳಗೆ ಒದ್ದೆ ಕಂಡ ಜಾಗದ ನೇರ ಮೇಲೆಯೇ ತೂತು ಇರಬೇಕೆಂದಿಲ್ಲ, ನೀರು ಕಾಂಕ್ರೀಟಿನೊಳಗೆ ಓಡಾಡಿ ಎಲ್ಲೋ ಹೊರಬರುತ್ತದೆ. ಒದ್ದೆ ಕಂಡಲ್ಲಿ ಒಳಗಿನಿಂದ ಬಳಿಯುವ ರಾಸಾಯನಿಕಕ್ಕೆ ಹಣ ಕೊಟ್ಟರೆ ಮುಂದಿನ ಮಳೆಗೆ ಇನ್ನೊಂದು ಕಡೆ ಸೋರುತ್ತದೆ.

ಇನ್ನು ಚಾವಣಿಯ ಕೆಳಮುಖ. ಕಾಂಕ್ರೀಟು ಹಕ್ಕಳೆಯಾಗಿ ಉದುರಿ ಕಬ್ಬಿಣ ಕಾಣುತ್ತಿದೆಯೇ? ಕಬ್ಬಿಣ ತುಕ್ಕಾದಾಗ ಹಲವು ಪಟ್ಟು ಉಬ್ಬುತ್ತದೆ, ಆ ಒತ್ತಡಕ್ಕೆ ಹೊರಗಿನ ಕಾಂಕ್ರೀಟು ಸಿಡಿಯುತ್ತದೆ. ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಹೋಗಿ: ಗಟ್ಟಿ ಇದ್ದಲ್ಲಿ ಟಣ್ ಎನ್ನುತ್ತದೆ, ಒಳಗೆ ಬಿಟ್ಟಿದ್ದಲ್ಲಿ ಖಾಲಿ ಡಬ್ಬಿಯ ಹಾಗೆ ಡೊಬ್ ಎನ್ನುತ್ತದೆ. ಡೊಬ್ ಎಂದಲ್ಲೆಲ್ಲ ಸೀಮೆಸುಣ್ಣದಲ್ಲಿ ಸುತ್ತು ಹಾಕಿ ಫೋಟೊ ತೆಗೆಸಿ. ಇದರ ಮೇಲೆ ಗಾರೆ ಮೆತ್ತಿ ಬಣ್ಣ ಹೊಡೆಸಿದರೆ ತುಕ್ಕು ಒಳಗೊಳಗೇ ಮುಂದುವರಿಯುತ್ತದೆ, ಎರಡು ಮೂರು ವರ್ಷದಲ್ಲಿ ದೊಡ್ಡ ಹೆಂಟೆಯೇ ಕೆಳಗೆ ಬೀಳುತ್ತದೆ. ಸರಿಯಾದ ದುರಸ್ತಿಯಲ್ಲಿ ಸಡಿಲ ಕಾಂಕ್ರೀಟನ್ನು ಕಂಬಿಯ ಹಿಂಬದಿಯವರೆಗೆ ಕಿತ್ತು, ಕಂಬಿಯನ್ನು ಹೊಳೆಯುವಂತೆ ಉಜ್ಜಿ, ತುಕ್ಕುನಿರೋಧಕ ಬಳಿದು, ದುರಸ್ತಿ ಗಾರೆ ತುಂಬುತ್ತಾರೆ. ಕಂಬಿ ತೀರ ಸವೆದಿದ್ದರೆ ಪಕ್ಕಕ್ಕೆ ಹೊಸ ಕಂಬಿ ಕಟ್ಟಬೇಕು. ಎಷ್ಟು ಸವೆದರೆ ಎಂಬುದು ಇಂಜಿನಿಯರ್ ಅಳೆದು ಹೇಳಬೇಕಾದ ಮಾತು.

ಚಾವಣಿಯ ಒಳಗೇನಿದೆ ಎಂಬುದನ್ನೂ ಕೇಳಿ. ಬ್ರಿಟನ್ನಿನಲ್ಲಿ 20ನೇ ಶತಮಾನದ ನಡುವಿನ ದಶಕಗಳಲ್ಲಿ ಹಗುರ ರಂಧ್ರಯುಕ್ತ ಕಾಂಕ್ರೀಟಿನ ಹಲಗೆಗಳನ್ನು ಶಾಲೆಗಳ ಚಾವಣಿಗೆ ಹೇರಳವಾಗಿ ಬಳಸಿದ್ದರು. 2018ರಲ್ಲಿ ಕೆಂಟ್ ಪ್ರದೇಶದ ಪ್ರಾಥಮಿಕ ಶಾಲೆಯೊಂದರ ಅಂಥ ಚಾವಣಿ ವಾರಾಂತ್ಯದಲ್ಲಿ ಕುಸಿಯಿತು. ಮಕ್ಕಳಿರಲಿಲ್ಲವಾದ್ದರಿಂದ ಜೀವ ಉಳಿಯಿತು. 2023ರ ಆಗಸ್ಟ್ ಕೊನೆಯಲ್ಲಿ, ಶಾಲೆ ತೆರೆಯಲು ಕೆಲವೇ ದಿನವಿರುವಾಗ, ನೂರಕ್ಕೂ ಹೆಚ್ಚು ಶಾಲೆಗಳು ಇಂಥ ಭಾಗಗಳನ್ನು ಮುಚ್ಚಬೇಕಾಯಿತು. ಹೊರನೋಟಕ್ಕೆ ಬಣ್ಣ ಹೊಡೆದ ಒಳ್ಳೆಯ ಚಾವಣಿಗಳೇ ಅವು. ಹಾಗೆಯೇ ಹಳೆಯ ಶೀಟುಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇದ್ದರೆ ಅದನ್ನು ಒಡೆದು ಕೀಳುವುದು, ಕೊರೆಯುವುದು ಕೂಡದು. ಒದ್ದೆ ಮಾಡಿ, ಇಡಿಯಾಗಿ, ತರಬೇತಿ ಇದ್ದವರಿಂದ, ಮಕ್ಕಳಿಲ್ಲದ ದಿನಗಳಲ್ಲಿ ಇಳಿಸಬೇಕು. ಕಲ್ನಾರಿನ ಎಲ್ಲ ಬಗೆಗಳೂ ಕ್ಯಾನ್ಸರ್‌ಕಾರಕ.

ಗೋಡೆಯ ಬಿರುಕು ಎಲ್ಲವೂ ಒಂದೇ ಅಲ್ಲ. ಗಾರೆಯ ಮೇಲಿನ ಕೂದಲೆಳೆಯಂಥ ಬಿರುಕು ಬಣ್ಣದ ಕೆಲಸದಲ್ಲೇ ಮುಗಿಯುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟ, ಒಂದು ತುದಿಯಲ್ಲಿ ಅಗಲವಾಗುತ್ತ ಹೋಗುವ, 5 ಮಿಮೀ ಮೀರಿದ ಬಿರುಕಿದ್ದರೆ ಪಾಯ ಅಲುಗಿದೆಯೇ ಎಂದು ನೋಡಬೇಕು. ಬಿರುಕಿಗೆ ಅಡ್ಡಲಾಗಿ ತೆಳ್ಳನೆಯ ಗಾಜಿನ ಚೂರನ್ನು ಎರಡೂ ಬದಿಗೆ ಅಂಟಿಸಿ ತಾರೀಕು ಬರೆಯಿರಿ. ತಿಂಗಳೊಪ್ಪತ್ತಿನಲ್ಲಿ ಗಾಜು ಒಡೆದರೆ ಗೋಡೆ ಇನ್ನೂ ಚಲಿಸುತ್ತಿದೆ, ಪಾಯ ಸರಿಹೋಗುವವರೆಗೆ ಮೇಲಿನ ಯಾವ ಕೆಲಸಕ್ಕೂ ಹಣ ಬಿಡಬೇಡಿ.

ಹೊರದಾರಿಗಳ ವಿಷಯದಲ್ಲಿ ದಾನಿ ಹಟಮಾರಿಯಾಗಿಯೇ ಇರಬೇಕು. 1958ರ ಡಿಸೆಂಬರ್ 1ರಂದು ಷಿಕಾಗೋದ ಅವರ್ ಲೇಡಿ ಆಫ್ ದಿ ಏಂಜಲ್ಸ್ ಶಾಲೆಯಲ್ಲಿ ಮೆಟ್ಟಿಲ ಬುಡದಲ್ಲಿ ಹತ್ತಿದ ಬೆಂಕಿ 92 ಮಕ್ಕಳನ್ನೂ ಮೂವರು ಸನ್ಯಾಸಿನಿಯರನ್ನೂ ಬಲಿ ತೆಗೆದುಕೊಂಡಿತು. ಮೇಲಂತಸ್ತಿನಲ್ಲಿ ಮೆಟ್ಟಿಲಿಗೂ ಪಡಸಾಲೆಗೂ ನಡುವೆ ಬಾಗಿಲೇ ಇರಲಿಲ್ಲ, ಹೊಗೆ ನೇರ ನುಗ್ಗಿತು. ಹಳೆಯ ಕಟ್ಟಡವಾದ್ದರಿಂದ ಹೊಸ ನಿಯಮಗಳು ಅದಕ್ಕೆ ಅನ್ವಯಿಸುತ್ತಿರಲಿಲ್ಲ, ಕಾಗದದಲ್ಲಿ ಎಲ್ಲ ಸರಿಯಾಗಿಯೇ ಇತ್ತು. 2004ರ ಜುಲೈ 16ರಂದು ಕುಂಭಕೋಣಂನ ಖಾಸಗಿ ಶಾಲೆಯಲ್ಲಿ ಅಡುಗೆಮನೆಯಿಂದ ಹುಲ್ಲಿನ ಚಾವಣಿಗೆ ಹತ್ತಿದ ಬೆಂಕಿಗೆ 94 ಮಕ್ಕಳು ಬಲಿಯಾದರು. ಈ ಎರಡನ್ನೂ ಮನಸ್ಸಿನಲ್ಲಿಟ್ಟುಕೊಂಡು ನೋಡಿ: ಪ್ರತಿ ಅಂತಸ್ತಿಗೂ ದೂರದೂರದಲ್ಲಿ ಎರಡು ಮೆಟ್ಟಿಲು ಇವೆಯೇ? ಮೆಟ್ಟಿಲಿಗೆ ತಾನಾಗಿ ಮುಚ್ಚಿಕೊಳ್ಳುವ ಬಾಗಿಲಿದೆಯೇ? ಹೆಚ್ಚು ಮಕ್ಕಳಿರುವ ಕೊಠಡಿಯ ಬಾಗಿಲು ಹೊರಕ್ಕೆ ತೆರೆಯುತ್ತದೆಯೇ? ಶಾಲೆಯ ಹೊತ್ತಿನಲ್ಲಿ ಹಿಂದಿನ ಗೇಟಿಗೆ ಬೀಗ ಹಾಕುತ್ತಾರೆಯೇ? ಮೆಟ್ಟಿಲ ಕೆಳಗೆ ಹಳೆಯ ಬೆಂಚು, ರದ್ದಿ ಪೇರಿಸಿದ್ದಾರೆಯೇ? ಅಡುಗೆಮನೆ ತರಗತಿಗೆ ಅಂಟಿಕೊಂಡಿದೆಯೇ? ಇವುಗಳಲ್ಲಿ ಎರಡು ಮೂರನ್ನು ಸರಿಪಡಿಸಲು ಹಣವೇ ಬೇಡ. ಅವನ್ನು ಈಗಲೇ ಮಾಡಲು ಒಪ್ಪದ ಆಡಳಿತ ಮಂಡಳಿಗೆ ದೊಡ್ಡ ಮೊತ್ತ ಕೊಡುವ ಮೊದಲು ಇನ್ನೊಮ್ಮೆ ಯೋಚಿಸಿ.

ವಿದ್ಯುತ್ತಿನ ಲೆಕ್ಕ ಸುಲಭ, ಆದರೂ ಯಾರೂ ಮಾಡುವುದಿಲ್ಲ. 30 ಕಂಪ್ಯೂಟರುಗಳ ಪ್ರಯೋಗಾಲಯವೆಂದರೆ ತಲಾ 150 ವ್ಯಾಟಿನಂತೆ 4,500 ವ್ಯಾಟ್, 230 ವೋಲ್ಟಿನಲ್ಲಿ ಸುಮಾರು 20 ಆಂಪಿಯರ್. ಹಳೆಯ ದೀಪದ ಸರ್ಕ್ಯೂಟುಗಳನ್ನು ಮಾಡಿರುವುದು 6ರಿಂದ 10 ಆಂಪಿಯರಿಗೆ. ಯಾರೋ ಒಬ್ಬರು ಕಂಪ್ಯೂಟರ್ ದಾನ ಮಾಡುತ್ತಾರೆ, ಶಾಲೆಯವರು ಅದನ್ನು ಹಳೆಯ ವೈರಿಗೇ ಜೋಡಿಸುತ್ತಾರೆ, ಫ್ಯೂಸು ಹೋದಾಗಲೆಲ್ಲ ದಪ್ಪ ತಂತಿ ಸುತ್ತುತ್ತಾರೆ. ಆಮೇಲೆ ಕಾಯುವುದು ವೈರೇ. ಕಂಪ್ಯೂಟರ್ ಕೊಡುವುದಾದರೆ ಪ್ರತ್ಯೇಕ ಸರ್ಕ್ಯೂಟಿನ ಖರ್ಚನ್ನೂ ಸೇರಿಸಿ ಕೊಡಿ. ಶೌಚಾಲಯ, ನೀರಿನ ಪಂಪು, ಪ್ರಯೋಗಾಲಯದ ಸಾಲುಗಳಿಗೆ 30 ಮಿಲಿ ಆಂಪಿಯರ್ ಸೋರಿಕೆಗೇ ವಿದ್ಯುತ್ ಕಡಿದುಹಾಕುವ ಸಾಧನ ಇರಲಿ. ಅದರ ಪರೀಕ್ಷಾ ಗುಂಡಿಯನ್ನು ನಿಮ್ಮೆದುರೇ ಒತ್ತಿಸಿ.

ಶೌಚಾಲಯಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಅಳತೆಗೋಲಿದೆ: 25 ಹುಡುಗಿಯರಿಗೆ ಒಂದು, 50 ಹುಡುಗರಿಗೆ ಒಂದು ಶೌಚಾಲಯ ಮತ್ತು ಒಂದು ಮೂತ್ರದೊಟ್ಟಿ (ಯೂರಿನಲ್). 300 ಹುಡುಗಿಯರು, 300 ಹುಡುಗರಿರುವ ಶಾಲೆಗೆ ಹುಡುಗಿಯರ ಕಡೆ 12, ಹುಡುಗರ ಕಡೆ 6 ಶೌಚಾಲಯ, 6 ಮೂತ್ರದೊಟ್ಟಿ ಬೇಕು. ಎರಡೂ ಕಡೆ ಸರಿಸಮ ಸಂಖ್ಯೆ ಬರೆದ ನಕ್ಷೆ ಹುಡುಗಿಯರಿಗೆ ಮೋಸ ಮಾಡುತ್ತದೆ. ಒಳಗಿನಿಂದ ಚಿಲಕ, ಮುಚ್ಚಳವಿರುವ ಕಸದ ಡಬ್ಬಿ, ಕೈತೊಳೆಯಲು ನೀರು, ಗಾಲಿಕುರ್ಚಿ ಹಿಡಿಸುವ ಒಂದು ಕೋಣೆ ಇಲ್ಲದಿದ್ದರೆ ಸಂಖ್ಯೆ ಸರಿಯಿದ್ದೂ ಉಪಯೋಗವಿಲ್ಲ.

ಇಳಿಜಾರು ದಾರಿ 12ಕ್ಕೆ 1ಕ್ಕಿಂತ ಕಡಿದಾಗಿರಬಾರದು: ಜಗಲಿ 45 ಸೆಂಮೀ ಎತ್ತರವಿದ್ದರೆ 5.4 ಮೀಟರ್ ಉದ್ದ ಬೇಕು. ಜಾಗವಿಲ್ಲವೆಂದು ಎರಡು ಮೀಟರಿನಲ್ಲಿ ಮುಗಿಸಿದರೆ ಗಾಲಿಕುರ್ಚಿ ಹತ್ತುವುದಿಲ್ಲ. ಗಾಳಿಯ ವಿಷಯದಲ್ಲಿ ನೆನಪಿಡಿ, ಫ್ಯಾನು ಇದ್ದ ಗಾಳಿಯನ್ನೇ ತಿರುಗಿಸುತ್ತದೆ. ಅಂಗೈಯಗಲದ ಮೀಟರಿನಲ್ಲಿ ಇಂಗಾಲದ ಡೈಆಕ್ಸೈಡ್ 1,000 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಸಾವಿರ ಭಾಗ) ಮೀರಿ ಏರುತ್ತಲೇ ಇದ್ದರೆ ಮಕ್ಕಳ ತೂಕಡಿಕೆಗೆ ಪಾಠವೊಂದೇ ಕಾರಣವಲ್ಲ. ಎದುರುಬದುರು ಕಿಟಕಿ ಒಡೆಸುವುದು ಕಡಿಮೆ ಖರ್ಚಿನ, ದೊಡ್ಡ ಪ್ರಯೋಜನದ ದೇಣಿಗೆ. ಹಲಗೆ ಮತ್ತು ಮೇಜಿನ ಮೇಲೆ 300 ಲಕ್ಸ್‌ನಷ್ಟಾದರೂ (ಲಕ್ಸ್ ಎಂದರೆ ಬೆಳಕಿನ ಅಳತೆ) ಬೆಳಕು ಬೇಕು.

ಸುತ್ತಾಟ ಮುಗಿದ ಮೇಲೆ ಕಂಡದ್ದನ್ನೆಲ್ಲ ಈ ಕ್ರಮದಲ್ಲಿ ಬರೆಯಿರಿ: ಜೀವಕ್ಕೆ ಅಪಾಯವಾಗುವಂಥದ್ದು, ನೀರು ಒಳಬರುವುದನ್ನು ತಡೆಯುವುದು, ಶೌಚ ಮತ್ತು ಕುಡಿಯುವ ನೀರು, ಗಾಳಿ ಬೆಳಕು, ಆಮೇಲೆ ಹೊಸ ಕೊಠಡಿ, ಕೊನೆಗೆ ಬಣ್ಣ. ಮೇಲಂತಸ್ತು ಕಟ್ಟುವ ಯೋಜನೆಯಿದ್ದರೆ ಪಾಯ ಮತ್ತು ಕಂಬಗಳು ಅದನ್ನು ಹೊರಬಲ್ಲವು ಎಂಬ ಲಿಖಿತ ವರದಿ ಇಲ್ಲದೆ ಒಂದು ಚೀಲ ಸಿಮೆಂಟಿಗೂ ಹಣ ಕೊಡಬೇಡಿ. 2008ರ ನವೆಂಬರ್ 7ರಂದು ಹೈಟಿಯ ಪೆಷನ್‌ವಿಲ್‌ನಲ್ಲಿ ಚರ್ಚೊಂದರ ಖಾಸಗಿ ಶಾಲೆಯ ಬಹುಮಹಡಿ ಕಟ್ಟಡ ಮಕ್ಕಳು ಒಳಗಿರುವಾಗಲೇ ಕುಸಿದು 90ಕ್ಕೂ ಹೆಚ್ಚು ಜನ ಸತ್ತರು. ಕಾಂಕ್ರೀಟಿನಲ್ಲಿ ಬೇಕಾದಷ್ಟು ಕಬ್ಬಿಣವೇ ಇರಲಿಲ್ಲ.

ಹಂತ 3: ಅಂದಾಜು ಪಟ್ಟಿಯನ್ನು ಕೈಯಲ್ಲಿ ಟೇಪು ಹಿಡಿದು ಓದಿ

ಬೇರೆ ಬೇರೆ ಗುತ್ತಿಗೆದಾರರಿಂದ ಮೂರು ಅಂದಾಜು ಪಟ್ಟಿ ತರಿಸಿ, ಮೂವರಿಗೂ ಒಂದೇ ಪರಿಮಾಣ ಪಟ್ಟಿ (ಯಾವ ಕೆಲಸ ಎಷ್ಟು ಎಂಬ ಅಳತೆಯ ಪಟ್ಟಿ) ಕೊಟ್ಟು. ಹಾಗಲ್ಲದೆ ಅವರವರ ಲೆಕ್ಕದಲ್ಲಿ ಬರೆದುಕೊಟ್ಟರೆ ಹೋಲಿಸಲು ಬರುವುದಿಲ್ಲ. “ಶೌಚಾಲಯ ದುರಸ್ತಿ, ಒಟ್ಟು ಇಷ್ಟು” ಎಂಬ ಒಂದೇ ಸಾಲಿನ ಪಟ್ಟಿಯನ್ನು ವಾಪಸ್ ಕಳಿಸಿ.

ಅಳತೆ ಉಬ್ಬಿಸಿರುವುದನ್ನು ಹಿಡಿಯಲು ಒಂದು ಕೊಠಡಿ ಅಳೆದರೆ ಸಾಕು. ಕೊಠಡಿ 8 ಮೀಟರ್ ಉದ್ದ, 6 ಮೀಟರ್ ಅಗಲ, 3 ಮೀಟರ್ ಎತ್ತರ ಎನ್ನಿ. ನಾಲ್ಕು ಗೋಡೆಗಳ ಸುತ್ತಳತೆ 28 ಮೀಟರ್, ಗೋಡೆಯ ವಿಸ್ತೀರ್ಣ 84 ಚದರ ಮೀಟರ್. 1 ಮೀಟರ್ ಅಗಲ, 2.1 ಮೀಟರ್ ಎತ್ತರದ ಎರಡು ಬಾಗಿಲು 4.2, 1.5ಕ್ಕೆ 1.2 ಮೀಟರಿನ ನಾಲ್ಕು ಕಿಟಕಿ 7.2, ಒಟ್ಟು 11.4 ಕಳೆದರೆ 72.6 ಉಳಿಯಿತು. ಚಾವಣಿ 48 ಸೇರಿಸಿ, 120.6. ಇಂಥ 12 ಕೊಠಡಿಗೆ ಸುಮಾರು 1,447 ಚದರ ಮೀಟರ್ ಬಣ್ಣ. ಪಟ್ಟಿಯಲ್ಲಿ 1,800 ಎಂದಿದ್ದರೆ ಬಾಗಿಲು ಕಿಟಕಿ ಕಳೆಯದಿದ್ದರೂ ಅಷ್ಟಾಗುವುದಿಲ್ಲ, ವಿವರಣೆ ಕೇಳಿ. ಹಾಗೆಯೇ ಆ ಕೊಠಡಿಯ ಚಾವಣಿ 15 ಸೆಂಮೀ ದಪ್ಪವಿದ್ದರೆ ಕಾಂಕ್ರೀಟು 7.2 ಘನ ಮೀಟರ್. 1:1.5:3 ಮಿಶ್ರಣದಲ್ಲಿ (ಸಿಮೆಂಟು, ಮರಳು, ಜಲ್ಲಿಯ ಪ್ರಮಾಣ) ಘನ ಮೀಟರಿಗೆ 50 ಕೆಜಿಯ ಸುಮಾರು 8 ಚೀಲ, ಅಂದರೆ 58 ಚೀಲದ ಆಸುಪಾಸು. ತೊಲೆಗಳಿದ್ದರೆ ಅವಕ್ಕೆ ಬೇರೆ. ಸಾಮಾನು ಇಳಿಸುವ ದಿನ ಈ ಸಂಖ್ಯೆ ನಿಮ್ಮ ಜೇಬಿನಲ್ಲಿರಲಿ.

ಬಣ್ಣದ ಸಾಲಿನ ಎದುರು ಸೀಸದ ಅಂಶ 90 ಪಿಪಿಎಂ ಮೀರದ ಬಣ್ಣ ಎಂದು ಬರೆಸಿ. ಸೀಸ ಚಿಕ್ಕ ಮಕ್ಕಳ ಮಿದುಳಿಗೆ ಹಾನಿ ಮಾಡುತ್ತದೆ, ಅದಕ್ಕೆ ಸುರಕ್ಷಿತ ಪ್ರಮಾಣವೆಂಬುದೇ ಇಲ್ಲ. ಹಳೆಯ ಬಣ್ಣವನ್ನು ಒಣಗಿಯೇ ಉಜ್ಜಿದರೆ ಸೀಸದ ದೂಳು ತರಗತಿಯಲ್ಲೇ ಉಳಿಯುತ್ತದೆ. ಒದ್ದೆ ಮಾಡಿ ಕೆರೆದು, ಒದ್ದೆ ಬಟ್ಟೆಯಲ್ಲಿ ಒರೆಸಬೇಕು.

ಅನಿರೀಕ್ಷಿತ ಖರ್ಚಿಗೆ ಹೊಸ ಕಟ್ಟಡದಲ್ಲಿ ಶೇ 5ರಿಂದ 10, ಹಳೆಯದರ ದುರಸ್ತಿಯಲ್ಲಿ ಶೇ 15ರಿಂದ 20 ತೆಗೆದಿಡಿ. ದುರಸ್ತಿಗೆ ಹೆಚ್ಚು ಏಕೆಂದರೆ ಗಾರೆ ಕಿತ್ತ ಮೇಲೆಯೇ ಒಳಗಿನ ನಿಜ ಕಾಣುವುದು. ನಿಮ್ಮ ಬಳಿ 100 ಇದ್ದರೆ 80ರ ಕೆಲಸ ಒಪ್ಪಿಕೊಳ್ಳಿ.

ಹಂತ 4: ಯಾವ ರೂಪದಲ್ಲಿ ಕೊಡುವುದು

ಹಣವನ್ನೇ ಕೊಡುವುದು ಸರಳ. ಬ್ಯಾಂಕ್ ಮೂಲಕ, ಸಂಸ್ಥೆಯ ಹೆಸರಿನ ಖಾತೆಗೆ, “ಕಟ್ಟಡ ನಿಧಿ” ಎಂಬ ಉಲ್ಲೇಖದೊಂದಿಗೆ. ನಗದು ಬೇಡ, ಯಾವುದೇ ವ್ಯಕ್ತಿಯ ಸ್ವಂತ ಖಾತೆಯಂತೂ ಬೇಡವೇ ಬೇಡ, ಅವರು ಎಷ್ಟೇ ಗೌರವಸ್ಥರಾಗಿರಲಿ.

ವಸ್ತುರೂಪದ ದೇಣಿಗೆಯಲ್ಲಿ ಒಂದು ಅಡಚಣೆಯಿದೆ. ನೀವು ಟೈಲ್ಸ್ ಕಳಿಸಿದಿರಿ, ಗುತ್ತಿಗೆದಾರ ತನ್ನ ಟೈಲ್ಸಿನ ಬೆಲೆಯನ್ನೂ ಸೇರಿಸಿಯೇ ಬಿಲ್ಲು ಮಾಡಿದ. ವಸ್ತು ಕೊಡುವುದಾದರೆ ಪರಿಮಾಣ ಪಟ್ಟಿಯಿಂದ ಆ ಸಾಲು ತೆಗೆಸಿ, ಒಡೆದುಹೋಗುವುದಕ್ಕೆ ಶೇ 5ರಿಂದ 10 ಹೆಚ್ಚು ಕಳಿಸಿ, ಇಳಿಸಿಕೊಂಡವರಿಂದ ಎಣಿಕೆಯ ರಸೀದಿ ಪಡೆಯಿರಿ.

ಮೊತ್ತ ದೊಡ್ಡದಿದ್ದರೆ ಸಮಪಾಲು ದೇಣಿಗೆಯ ಬಗ್ಗೆ ಯೋಚಿಸಿ: ಪೋಷಕರು, ಹಳೆಯ ವಿದ್ಯಾರ್ಥಿಗಳು ಕೂಡಿಸಿದ ಪ್ರತಿ ಮೊತ್ತಕ್ಕೂ ನೀವು ಅಷ್ಟೇ ಸೇರಿಸುವುದು, ಒಂದು ಮಿತಿ ಮತ್ತು ಕೊನೆಯ ದಿನಾಂಕದೊಳಗೆ. ಹಣ ದ್ವಿಗುಣವಾಗುವುದು ಒಂದು ಲಾಭ. ಲೆಕ್ಕ ಕೇಳುವ ಕಣ್ಣುಗಳು ಹೆಚ್ಚುವುದು ಅದಕ್ಕಿಂತ ದೊಡ್ಡ ಲಾಭ. ಮಿತಿ ಮುಟ್ಟದಿದ್ದರೂ ಕೆಲಸದ ಯಾವ ಭಾಗ ಶುರುವಾಗುತ್ತದೆ ಎಂದು ಮೊದಲೇ ತೀರ್ಮಾನಿಸಿ.

ಹಂತ 5: ಷರತ್ತುಗಳನ್ನು ಬರೆದಿಡಿ

ಬಾಯಿಮಾತಿನಲ್ಲಿ ಕೊಟ್ಟ ದೇಣಿಗೆಯನ್ನು ಆಡಳಿತ ಮಂಡಳಿ ಬದಲಾದ ದಿನ ಯಾರೂ ನೆನಪಿಟ್ಟುಕೊಂಡಿರುವುದಿಲ್ಲ. ಎರಡು ಪುಟದ ಪತ್ರ ಸಾಕು. ಅದರ ತಿರುಳು ಹೀಗಿರಬಹುದು:

“ಈ ಮೊತ್ತವನ್ನು ಶಾಲೆಯ ಪೂರ್ವ ವಿಭಾಗದ ತಾರಸಿಯ ಜಲನಿರೋಧಕ ಕೆಲಸ, ಆರು ಕೊಠಡಿಗಳ ವೈರಿಂಗ್ ಮತ್ತು ಹನ್ನೆರಡು ಶೌಚಾಲಯಗಳ ನಿರ್ಮಾಣಕ್ಕೆ ಮಾತ್ರ ಬಳಸತಕ್ಕದ್ದು. ಮೊತ್ತವನ್ನು ಪ್ರತ್ಯೇಕ ಖಾತೆಯಲ್ಲಿಡತಕ್ಕದ್ದು. ಖಾತೆಯ ಬಡ್ಡಿಯೂ ಇದೇ ಕಾಮಗಾರಿಗೆ ಸೇರತಕ್ಕದ್ದು. ಹಣ ಉಳಿದರೆ ಇದೇ ಕಟ್ಟಡದ ನಿರ್ವಹಣೆಗೆ ವಿನಿಯೋಗಿಸತಕ್ಕದ್ದು. ಹದಿನೆಂಟು ತಿಂಗಳೊಳಗೆ ಕೆಲಸ ಆರಂಭವಾಗದಿದ್ದರೆ ಅಥವಾ ಶಾಲೆ ಮುಚ್ಚಿದರೆ, ಉಳಿದ ಮೊತ್ತವನ್ನು ದಾನಿಯ ಲಿಖಿತ ಒಪ್ಪಿಗೆಯಂತೆ ಸಮಾನ ಉದ್ದೇಶದ ಬೇರೆ ಸಂಸ್ಥೆಗೆ ವರ್ಗಾಯಿಸತಕ್ಕದ್ದು. ಮೂರು ತಿಂಗಳಿಗೊಮ್ಮೆ ಖರ್ಚಿನ ವಿವರ, ಬಿಲ್ಲುಗಳ ಪ್ರತಿ ಮತ್ತು ಫೋಟೊಗಳನ್ನು ದಾನಿಗೆ ಕಳಿಸತಕ್ಕದ್ದು.”

ಉಳಿದ ಹಣ ಮತ್ತು ಆರಂಭವಾಗದ ಕೆಲಸದ ಬಗೆಗಿನ ಎರಡು ಷರತ್ತುಗಳನ್ನು ಬಿಡುವವರೇ ಹೆಚ್ಚು. ಹಣ ಉಳಿದರೆ ಏನು, ಕೆಲಸ ಆಗದಿದ್ದರೆ ಏನು ಎಂದು ಬರೆಯದೆ ಇದ್ದಲ್ಲಿ ಜಗಳ ಹುಟ್ಟುತ್ತದೆ. ಆದರೆ ಷರತ್ತು ತೀರ ಬಿಗಿಯೂ ಇರಬಾರದು. ಟೈಲ್ಸಿನ ಬಣ್ಣ, ಗುತ್ತಿಗೆದಾರನ ಹೆಸರು ದಾನಿ ಹೇಳುವಂಥವಲ್ಲ. ನಿಮ್ಮ ನೆಂಟರ ಕಂಪನಿಗೇ ಕೆಲಸ ಕೊಡಬೇಕೆಂದರೆ ಅದು ದೇಣಿಗೆಯಾಗಿ ಉಳಿಯುವುದಿಲ್ಲ. ಮಂಡಳಿಯ ಸದಸ್ಯರ ನೆಂಟರಿಗೂ ಇದೇ ಮಾತು: ಟೆಂಡರಿನಲ್ಲಿದ್ದರೆ ಸಂಬಂಧವನ್ನು ನಡಾವಳಿಯಲ್ಲಿ ದಾಖಲಿಸಿ, ಆ ಸದಸ್ಯರು ಮತ ಹಾಕದೆ ಹೊರಗಿರಬೇಕು. ಪತ್ರಕ್ಕೆ ಸಹಿ ಮಾಡಲು ಅಧಿಕಾರ ಕೊಟ್ಟ ಮಂಡಳಿಯ ನಿರ್ಣಯದ ಪ್ರತಿಯನ್ನೂ ಜೊತೆಗಿಟ್ಟುಕೊಳ್ಳಿ.

ಹಂತ 6: ಕಂತುಗಳಲ್ಲಿ ಬಿಡುಗಡೆ ಮಾಡಿ

ಪೂರ್ತಿ ಹಣ ಮೊದಲೇ ಕೊಟ್ಟರೆ ನಿಮ್ಮ ಮಾತಿಗೆ ಬೆಲೆ ಉಳಿಯುವುದಿಲ್ಲ. ಪೂರ್ತಿ ಕೊನೆಯಲ್ಲಿ ಕೊಡುತ್ತೇನೆಂದರೆ ಶಾಲೆ ಸಾಲ ಮಾಡಬೇಕು, ಬಡ್ಡಿ ಮಕ್ಕಳ ಶುಲ್ಕದಿಂದ ಹೋಗುತ್ತದೆ. ನಡುವಿನ ದಾರಿ: ನಕ್ಷೆ, ಪರವಾನಗಿ, ಗುತ್ತಿಗೆಯ ಸಹಿ ಆದಾಗ ಶೇ 10. ಸಾಮಾನು ಇಳಿದು ಪಾಯದ ಕೆಲಸ ಅಥವಾ ಹಳೆಯ ಪದರ ಕೀಳುವುದು ಮುಗಿದಾಗ ಶೇ 25. ಚಾವಣಿ ಅಥವಾ ಮುಖ್ಯ ರಚನೆ ಮುಗಿದಾಗ ಶೇ 30. ಗಾರೆ, ವೈರಿಂಗ್, ನಲ್ಲಿ ಕೆಲಸಕ್ಕೆ ಶೇ 20. ಹಸ್ತಾಂತರದ ದಿನ ಶೇ 10. ಒಂದು ಮಳೆಗಾಲ ದಾಟಿ ಎಲ್ಲೂ ಸೋರಲಿಲ್ಲವೆಂದಾದ ಮೇಲೆ ಕೊನೆಯ ಶೇ 5. ಕೊನೆಯ ಶೇ 5 ಬಾಕಿಯಿರುವವರೆಗೆ ಗುತ್ತಿಗೆದಾರ ಫೋನ್ ಎತ್ತುತ್ತಾನೆ.

ಪ್ರತಿ ಕಂತಿಗೂ ಇಂಜಿನಿಯರ್ ಅಳತೆ ಪುಸ್ತಕದಲ್ಲಿ ಬರೆದು ಸಹಿ ಹಾಕಿರಬೇಕು. “ಶೇ 60 ಕೆಲಸ ಮುಗಿದಿದೆ” ಎಂಬ ಪತ್ರವನ್ನು ನಂಬಿ ಹಣ ಬಿಡಬೇಡಿ. ಎಷ್ಟು ಘನ ಮೀಟರ್, ಎಷ್ಟು ಚದರ ಮೀಟರ್ ಎಂದಿರಲಿ. ಒಮ್ಮೆ ಅಳತೆ ಸಿಕ್ಕಿದ ಮೇಲೆ ನಿಮ್ಮ ಕಡೆಯಿಂದಲೂ ತಡವಾಗದಿರಲಿ: ದಾನಿಯ ಕಂತು ಹದಿನೈದು ದಿನ ತಡವಾದರೆ ಕೂಲಿಯವರು ಬೇರೆ ಕೆಲಸಕ್ಕೆ ಹೋಗುತ್ತಾರೆ, ಮರಳಿ ಬರುವುದು ತಿಂಗಳ ಮೇಲೆ.

ಹಂತ 7: ಕೆಲಸ ನಡೆಯುವಾಗ ಮೂರು ಸಲ ಹೋಗಿ

ಶಾಲೆಯ ಕಾಮಗಾರಿಗೆ ದೊಡ್ಡ ಶತ್ರು ಶಾಲೆ ತೆರೆಯುವ ದಿನಾಂಕ. ಎಲ್ಲರಿಗೂ ಅವಸರ. ಅವಸರದಲ್ಲಿ ಮೊದಲು ಕತ್ತರಿ ಬೀಳುವುದು ನೀರುಣಿಸುವ ದಿನಗಳಿಗೆ. ಕಾಂಕ್ರೀಟಿಗೆ ಕನಿಷ್ಠ 7 ದಿನ ಎಡೆಬಿಡದೆ ತೇವ ಬೇಕು, ಬಿಸಿಲು ಗಾಳಿ ಹೆಚ್ಚಿದ್ದರೆ ಇನ್ನೂ ಹೆಚ್ಚು. ಲೆಕ್ಕಕ್ಕೆ ಹಿಡಿಯುವ ಪೂರ್ಣ ಬಲ ಬರುವುದು 28 ದಿನಕ್ಕೆ. ನಾಲ್ಕೂವರೆ ಮೀಟರಿಗಿಂತ ಹೆಚ್ಚು ಅಗಲದ ಚಾವಣಿಯ ಕೆಳಗಿನ ಆಸರೆಗಳನ್ನು 14 ದಿನಕ್ಕೆ ಮೊದಲು ತೆಗೆಯಬಾರದು. ಹೊಸ ಗಾರೆ ಒಣಗಲು ಸುಮಾರು 4 ವಾರ ಬಿಡದೆ ಬಣ್ಣ ಹೊಡೆದರೆ ಒಳಗಿನ ತೇವ ಹೊರಬರುವಾಗ ಬಣ್ಣ ಬೊಬ್ಬೆಯೇಳುತ್ತದೆ, ಬಿಳಿ ಉಪ್ಪು ಕಾಣಿಸಿಕೊಳ್ಳುತ್ತದೆ. ಹಾಗಾಗಿ ಉದ್ಘಾಟನೆಯ ದಿನ ನಿಗದಿ ಮಾಡುವಾಗ ದಾನಿಯೇ ಹೇಳಿಬಿಡಬೇಕು: ಬಣ್ಣವಿಲ್ಲದ ಗೋಡೆಯಾದರೂ ಸರಿ, ನನಗೆ ಅವಸರವಿಲ್ಲ. ಈ ಒಂದು ಮಾತು ಕಟ್ಟಡದ ಆಯುಸ್ಸನ್ನು ಹೆಚ್ಚಿಸುತ್ತದೆ.

ಮೊದಲ ಭೇಟಿ ಚಾವಣಿಗೆ ಕಾಂಕ್ರೀಟು ಹಾಕುವ ಹಿಂದಿನ ದಿನ. ಕಬ್ಬಿಣ ಕಾಣುವುದು ಆಗ ಮಾತ್ರ. ಕಂಬಿಯ ದಪ್ಪ, ಅಂತರ ನಕ್ಷೆಯಂತಿದೆಯೇ, ಕಂಬಿಗಳು ಹಲಗೆಗೆ ತಾಗದಂತೆ ಕೆಳಗೆ ಸಿಮೆಂಟ್ ಬಿಲ್ಲೆ ಇಟ್ಟಿದ್ದಾರೆಯೇ ಎಂದು ಇಂಜಿನಿಯರ್ ಜೊತೆ ನೋಡಿ ಫೋಟೊ ತೆಗೆಯಿರಿ. ಬಿಲ್ಲೆ ಇಲ್ಲದಿದ್ದರೆ ಕಂಬಿ ತಳಕ್ಕೆ ಅಂಟಿ ಬೇಗ ತುಕ್ಕು ಹಿಡಿಯುತ್ತದೆ, ಹಂತ 2ರಲ್ಲಿ ಕಂಡ ಉದುರುವ ಚಾವಣಿಯೇ ಮತ್ತೆ ಹುಟ್ಟುತ್ತದೆ.

ಎರಡನೆಯದು ತಾರಸಿಗೆ ನೀರು ಕಟ್ಟುವ ಪರೀಕ್ಷೆಯ ದಿನ. ಜಲನಿರೋಧಕ ಪದರ ಹಾಕಿ ಒಣಗಿದ ಮೇಲೆ, ಅದರ ಮೇಲೆ ಟೈಲ್ಸ್ ಹಾಸುವ ಮೊದಲು, ಕೊಳವೆಯ ಬಾಯಿ ಮುಚ್ಚಿ 25ರಿಂದ 50 ಮಿಮೀ ನೀರು ನಿಲ್ಲಿಸುತ್ತಾರೆ. ಗೋಡೆಗೆ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಪಕ್ಕದಲ್ಲಿ ಒಂದು ಬಟ್ಟಲು ನೀರಿಟ್ಟು ಅದರಲ್ಲೂ ಗುರುತು ಮಾಡಿ, ಆವಿಯಾಗಿ ಎಷ್ಟು ಹೋಯಿತೆಂದು ತಿಳಿಯಲು. 48 ಗಂಟೆ ಬಿಟ್ಟು ಕೆಳಗಿನ ಕೊಠಡಿಯ ಚಾವಣಿಯನ್ನು ಟಾರ್ಚು ಹಿಡಿದು ನೋಡಿ. ಟೈಲ್ಸ್ ಹಾಸಿದ ಮೇಲೆ ಸೋರಿದರೆ ಎಲ್ಲವನ್ನೂ ಕೀಳಬೇಕು. ತಾರಸಿ ಅಷ್ಟು ನೀರಿನ ಭಾರ ಹೊರುತ್ತದೆಯೇ ಎಂದು ಹಳೆಯ ಕಟ್ಟಡದಲ್ಲಿ ಇಂಜಿನಿಯರನ್ನು ಕೇಳಿಯೇ ನೀರು ಬಿಡಿ.

ಮೂರನೆಯದು ಹಸ್ತಾಂತರ. ಪ್ರತಿ ನಲ್ಲಿ ತಿರುಗಿಸಿ, ಪ್ರತಿ ಫ್ಲಷ್ ಎಳೆದು, ಪ್ರತಿ ಬಾಗಿಲು ಮುಚ್ಚಿ ನೋಡಿ ಬಾಕಿ ಪಟ್ಟಿ ಮಾಡಿ. ವಿದ್ಯುತ್ತಿನ ಭೂಸಂಪರ್ಕದ (ಅರ್ಥಿಂಗ್) ಅಳತೆಯ ವರದಿ, ವೈರಿಂಗ್ ಹಾಗೂ ಕೊಳವೆಗಳು ನಿಜವಾಗಿ ಎಲ್ಲೆಲ್ಲಿ ಹೋಗಿವೆ ಎಂಬ ನಕ್ಷೆ, ವಾರಂಟಿ ಪತ್ರಗಳು ಶಾಲೆಯ ಕಪಾಟಿಗೆ ಸೇರಿದ ಮೇಲೆ ಹಸ್ತಾಂತರಕ್ಕೆ ಸಹಿ. ಕೆಲಸದ ಜಾಗಕ್ಕೂ ಮಕ್ಕಳ ಓಡಾಟಕ್ಕೂ ನಡುವೆ ಮೊದಲ ದಿನದಿಂದ ಕೊನೆಯ ದಿನದವರೆಗೆ ತಗಡಿನ ಬೇಲಿ ಇರಲೇಬೇಕು. ಇದನ್ನು ಗುತ್ತಿಗೆಯಲ್ಲೇ ಬರೆಸಿ.

ಹಂತ 8: ಫಲಕ, ಸೀಟು, ತೆರಿಗೆ

ಹೆಸರಿನ ಫಲಕ ಬೇಕೆನಿಸಿದರೆ ಸಂಕೋಚ ಬೇಡ, ಅದನ್ನು ನೋಡಿ ಇನ್ನೊಬ್ಬರು ಕೊಡುತ್ತಾರೆ. ಎಷ್ಟು ವರ್ಷ ಇರುತ್ತದೆ, ಕಟ್ಟಡ ಕೆಡವಿದರೆ ಏನಾಗುತ್ತದೆ ಎಂಬುದನ್ನು ಮಾತ್ರ ಬರೆದಿಡಿ.

ನಿಮ್ಮ ಮನೆಯ ಮಗುವಿಗೆ ಅದೇ ಶಾಲೆಯಲ್ಲಿ ಸೀಟು ಕೇಳುವ ವರ್ಷ ದೇಣಿಗೆ ಕೊಡಬೇಡಿ. ಸೀಟಿಗೆ ಬದಲಾಗಿ ಕೊಟ್ಟದ್ದು ದೇಣಿಗೆಯಲ್ಲ, ಶುಲ್ಕ. ಹಲವು ಕಡೆ ಅದನ್ನು ಕೇಳುವುದೇ ಅಪರಾಧ. ತೆರಿಗೆ ವಿನಾಯಿತಿಯ ನಿಯಮ ದೇಶದಿಂದ ದೇಶಕ್ಕೆ ಬೇರೆ. ಎಲ್ಲ ಕಡೆಗೂ ಹೊಂದುವ ತತ್ವ ಒಂದೇ: ಕೊಟ್ಟದ್ದಕ್ಕೆ ಪ್ರತಿಯಾಗಿ ನಿಮಗೆ ಬೆಲೆಬಾಳುವ ಏನೂ ಬಂದಿರಬಾರದು. ಕೊಡುವ ಮೊದಲೇ ಸಂಸ್ಥೆಯ ವಿನಾಯಿತಿ ಪತ್ರ ಇನ್ನೂ ಚಾಲ್ತಿಯಲ್ಲಿದೆಯೇ ನೋಡಿ, ರಸೀದಿಯಲ್ಲಿ ದಿನಾಂಕ, ಮೊತ್ತ, ಉದ್ದೇಶ, ನೋಂದಣಿ ಸಂಖ್ಯೆ ಇರುವಂತೆ ನೋಡಿಕೊಳ್ಳಿ. ಹಣ ಗಡಿ ದಾಟಿ ಬರುವುದಾದರೆ ಪಡೆಯುವ ಸಂಸ್ಥೆಗೆ ಅನುಮತಿ ಬೇಕಾಗಬಹುದು. ಅದು ಬಂದ ಮೇಲೆಯೇ ಕಳಿಸಿ.

ಹಂತ 9: ನಿರ್ವಹಣೆಗೂ ಕೊಡಿ

ಒಂದು ಕಟ್ಟಡವನ್ನು ಒಳ್ಳೆಯ ಸ್ಥಿತಿಯಲ್ಲಿಡಲು ಅದನ್ನು ಈಗ ಹೊಸದಾಗಿ ಕಟ್ಟಲು ತಗಲುವ ಮೊತ್ತದ ಶೇ 2ರಿಂದ 4 ಪ್ರತಿ ವರ್ಷ ಬೇಕು ಎನ್ನುವುದು ಕಟ್ಟಡ ನಿರ್ವಹಣೆಯಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಲೆಕ್ಕ. ಶೇ 2 ಎಂದೇ ಹಿಡಿದರೂ ಮೊದಲ ಐದು ವರ್ಷಕ್ಕೆ ಶೇ 10. ದೇಣಿಗೆಯ ಆ ಭಾಗವನ್ನು ಠೇವಣಿಯಾಗಿಟ್ಟು, ವರ್ಷಕ್ಕಿಷ್ಟೆಂದು ತೆಗೆಯುವ ಏರ್ಪಾಡು ಮಾಡಿ. ಶಾಲೆಯವರು “ಅದನ್ನೂ ಸೇರಿಸಿದರೆ ಇನ್ನೊಂದು ಕೊಠಡಿ ಆಗುತ್ತಿತ್ತು” ಎನ್ನುತ್ತಾರೆ. ಒಪ್ಪಬೇಡಿ. ಆ ಇನ್ನೊಂದು ಕೊಠಡಿಗೂ ತಾರಸಿ ಇರುತ್ತದೆ.

ನಿರ್ವಹಣೆಯ ಹಣಕ್ಕೆ ಒಂದು ಪುಟದ ಪಟ್ಟಿ ಜೋಡಿಸಿ ಕಚೇರಿಯ ಗೋಡೆಗೆ ಅಂಟಿಸಿ: ಮಳೆಗೆ ಮೊದಲು ಮತ್ತು ನಂತರ ತಾರಸಿ ಕೊಳವೆಗಳ ಬಾಯಿ ಶುಚಿ, ತಿಂಗಳಿಗೊಮ್ಮೆ ವಿದ್ಯುತ್ ಸೋರಿಕೆ ಸಾಧನದ ಗುಂಡಿ ಒತ್ತುವುದು, ಆರು ತಿಂಗಳಿಗೊಮ್ಮೆ ನೀರಿನ ಟ್ಯಾಂಕು ತೊಳೆಯುವುದು, ವರ್ಷಕ್ಕೊಮ್ಮೆ ಅಗ್ನಿಶಾಮಕ ಡಬ್ಬಿಗಳ ಪರೀಕ್ಷೆ, ಐದು ವರ್ಷಕ್ಕೊಮ್ಮೆ ಚಾವಣಿಯನ್ನು ಸುತ್ತಿಗೆಯಿಂದ ತಟ್ಟಿ ನೋಡುವುದು. ಪ್ರತಿ ಸಾಲಿನ ಎದುರು ಮಾಡಿದವರ ಹೆಸರು, ತಾರೀಕು ಬರೆಯಲು ಜಾಗವಿರಲಿ. ಕೆಲಸ ಮುಗಿದ ವರ್ಷದ ನಂತರ, ಒಳ್ಳೆಯ ಮಳೆ ಬಿದ್ದ ಮಾರನೆಯ ದಿನ, ಮುಂಚಿತವಾಗಿ ಹೇಳದೆ ಹೋಗಿ ಆ ಪಟ್ಟಿ ತುಂಬಿದೆಯೇ ಎಂದು ನೋಡಿ. ಆಮೇಲೆ ಪೂರ್ವ ವಿಭಾಗದ ಮೇಲಿನ ಕೊಠಡಿಗೆ ಹತ್ತಿ ತಲೆಯೆತ್ತಿ ಮೂಲೆಗಳನ್ನು ನೋಡಿ. ಒಣಗಿದ್ದರೆ ಉಳಿಸಿಕೊಂಡ ಶೇ 5ನ್ನು ಅಂದೇ ಬಿಡುಗಡೆ ಮಾಡಿ.